ಕಣ್ಣಿನ ಮೂಲೆ ಒತ್ತಿ ಹಿಡಿಯಲು ಕಲಿಸಿದ ಫಾರ್ಮಸಿಸ್ಟ್ ಅವರಿಗೆ

ಕಣ್ಣಿನ ಒತ್ತಡ ಇಳಿಸುವ ಟಿಮೊಲಾಲ್ ಹನಿಯ ಬಾಟಲಿ ಕೈಗಿಡುವ ಮೊದಲು "ಆಸ್ತಮಾ ಇದೆಯಾ? ನಾಡಿ ನಿಧಾನವಾ? ಬಿಪಿಗೆ ಯಾವ ಮಾತ್ರೆ?" ಎಂದು ಕೇಳಿದಿರಲ್ಲ, ಅದಕ್ಕೇ ಮೊದಲ ವಂದನೆ. ಕಣ್ಣಿಗೆ ಹಾಕಿದ್ದು ಕಣ್ಣಲ್ಲೇ ಉಳಿಯುತ್ತದೆ ಎಂಬ ನಂಬಿಕೆ ಎಷ್ಟು ಜನರಲ್ಲಿದೆ!

ನಿಜವಾಗಿ ಹನಿಯ ಬಹುಪಾಲು ಕಣ್ಣೀರಿನ ನಾಳದಿಂದ ಮೂಗಿಗಿಳಿದು, ಅಲ್ಲಿನ ಪೊರೆಯ ಮೂಲಕ ನೇರ ರಕ್ತ ಸೇರುತ್ತದೆ. ನುಂಗಿದ ಮಾತ್ರೆಯಂತೆ ಮೊದಲು ಯಕೃತ್ತಿನಲ್ಲಿ ಸೋಸಿಹೋಗುವುದಿಲ್ಲ. ಟಿಮೊಲಾಲ್ ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನಿಸುವ ಗುಂಪಿನ ಔಷಧಿ; ಆದ್ದರಿಂದಲೇ ನಾಡಿ ಇಳಿಯುವುದು, ತಲೆಸುತ್ತು, ಸುಸ್ತು, ಉಬ್ಬಸ. ಆಸ್ತಮಾ ಇರುವವರಲ್ಲಿ ಶ್ವಾಸನಾಳ ಬಿಗಿದು ಪ್ರಾಣಕ್ಕೇ ಕುತ್ತು ಬರಬಹುದು. ಅದೇ ಗುಂಪಿನ ಬೆಟಾಕ್ಸೊಲಾಲ್ ಹನಿ ಶ್ವಾಸಕೋಶಕ್ಕೆ ಸ್ವಲ್ಪ ಸೌಮ್ಯ, ಆದರೆ ಪೂರ್ತಿ ನಿರಪಾಯವಲ್ಲ. ಬಿಪಿಗೆ ಕೊಡುವ ವೆರಪಮಿಲ್ ಅಥವಾ ಬೀಟಾ ಬ್ಲಾಕರ್ ಮಾತ್ರೆ ಜೊತೆಗಿದ್ದರೆ ಹೃದಯದ ಬಡಿತ ಇನ್ನೂ ನಿಧಾನವಾದೀತು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಕುಸಿದಾಗಿನ ಎದೆಬಡಿತ, ನಡುಕ ಮರೆಯಾಗಬಹುದು. ಈ ಮಾತನ್ನು ಹೇಳುವವರೇ ಕಡಿಮೆ.

ನೀವು ತೋರಿಸಿದ ಕ್ರಮ ಸರಳ: ಕೆಳರೆಪ್ಪೆ ಎಳೆದು ಒಂದೇ ಹನಿ, ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ 2 ನಿಮಿಷ ಒತ್ತುವುದು. ಪಟಪಟ ರೆಪ್ಪೆ ಬಡಿದರೆ ಔಷಧಿ ನಾಳಕ್ಕೆ ನುಗ್ಗುತ್ತದೆ. ಎರಡನೇ ಹನಿ ಹಾಕಿದರೆ ಕೆನ್ನೆಗೆ ಹರಿಯುವುದಷ್ಟೇ ಲಾಭ. ಬೇರೆ ಹನಿಯಿದ್ದರೆ 5 ನಿಮಿಷದ ಅಂತರ.

ಕಣ್ಣಿನ ಒತ್ತಡದ ಇನ್ನೊಂದು ಔಷಧಿ ಡಾರ್ಜೊಲಮೈಡ್ ಜೊತೆಗಿನ ಸಂಯುಕ್ತ ಹನಿಯಲ್ಲೂ ಟಿಮೊಲಾಲ್ ಅಡಗಿರುತ್ತದೆಂದು ಲೇಬಲ್ ಓದಿಸಿದಿರಿ. ಸುಸ್ತಾಯಿತೆಂದು ತಾವಾಗಿ ನಿಲ್ಲಿಸಿದರೆ ಕಣ್ಣಿನ ಒತ್ತಡ ಏರುತ್ತದೆ, ವೈದ್ಯರಿಗೆ ತಿಳಿಸಿ ಬದಲಿಸಿಕೊಳ್ಳಿ ಎಂದಿರಿ. ಉಸಿರು ಕಟ್ಟಿದರೆ ಮಾತ್ರ ಮುಂದಿನ ಹನಿ ಹಾಕದೆ ತಕ್ಷಣ ಆಸ್ಪತ್ರೆಗೆ ಎಂದೂ ಸೇರಿಸಿದಿರಿ. ಹೆಸರು ಹೇಳದೆ ಹೋದಿರಿ. ಧನ್ಯವಾದ.