ಫೋಮ್ ಅಂಟಿಸುವ ಮೊದಲು ಅಳತೆ ಟೇಪು ಹಿಡಿಯಿರಿ

ಸಂಪಾದಕರಿಗೆ,

ಭಾವಗೀತೆ, ದೇವರನಾಮ, ಯಕ್ಷಗಾನದ ಪದ, ಕಿರುಚಿತ್ರದ ಹಾಡು ಎಂದು ಈಗ ಎಷ್ಟೋ ಧ್ವನಿಮುದ್ರಣ ಮನೆಯ ಒಂದು ಕೋಣೆಯಲ್ಲೇ ನಡೆಯುತ್ತಿದೆ. ಸಂತೋಷದ ಸಂಗತಿ. ಆದರೆ ಕೋಣೆ ಸಜ್ಜು ಮಾಡುವವರು ಮೊದಲು ಕೊಳ್ಳುವುದು ಒಂದಿಂಚಿನ ಪಿರಮಿಡ್ ಫೋಮ್. ಅದನ್ನು ನಾಲ್ಕೂ ಗೋಡೆಗೆ ಅಂಟಿಸಿದರೆ ಸ್ಟುಡಿಯೊ ಆಯಿತು ಎಂದುಕೊಳ್ಳುತ್ತಾರೆ. ಇದೇ ಕಸುಬಿನಲ್ಲಿರುವ ನಾವು ಹೇಳಲೇಬೇಕು: ಆ ದುಡ್ಡು ಹೆಚ್ಚುಕಡಿಮೆ ದಂಡ.

ಅಷ್ಟು ತೆಳುವಾದ ಫೋಮ್ ಹೀರುವುದು ಸುಮಾರು ಸಾವಿರ ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು. ಸಣ್ಣ ಕೋಣೆಯನ್ನು ಕೆಡಿಸುವುದು ಬೇಸ್, ಅಂದರೆ ಕೆಳಸ್ವರಗಳು. ಶಬ್ದ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ; ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್‌ನ ಅರ್ಧ ಅಲೆ ಸರಿಯಾಗಿ ಕೂರುತ್ತದೆ, ಮೊಳಗುತ್ತದೆ. ಅದರ ಬೆನ್ನಿಗೆ 112, 168 ಕೂಡ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯಾದರೆ ಮೂರು ಕಡೆಯ ಮೊಳಗೂ ಅದೇ ಸ್ವರಗಳ ಮೇಲೆ ಬೀಳುತ್ತದೆ. 30×40 ಸೈಟಿನ ಮನೆಗಳಲ್ಲಿ ಇಂಥ ಕೋಣೆಗೆ ಬರವಿಲ್ಲ. ಆಯ್ಕೆ ಇದ್ದರೆ 10×12ರ ಕೋಣೆ ಹಿಡಿಯಿರಿ. ಹೆಂಚಿನ ಮನೆಯವರಿಗೆ ಇಲ್ಲೊಂದು ಅನುಕೂಲವಿದೆ: ಆರ್‌ಸಿಸಿ ತಾರಸಿ ಬೇಸನ್ನು ಒಳಕ್ಕೇ ತಳ್ಳುತ್ತದೆ, ಹೆಂಚಿನ ಮಾಡು ಸಾಕಷ್ಟನ್ನು ಹೊರಕ್ಕೆ ಬಿಡುತ್ತದೆ.

10×12ರ ಕೋಣೆಯನ್ನೇ ತೆಗೆದುಕೊಳ್ಳೋಣ. ಹತ್ತಡಿಯ ಗೋಡೆಗೆ ಮುಖ ಮಾಡಿ ಕೂರಬೇಕು. ತಲೆ ಆ ಗೋಡೆಯಿಂದ ನಾಲ್ಕೂವರೆ ಅಡಿ, ಅಂದರೆ ಉದ್ದದ ಶೇ 38ರಷ್ಟು ದೂರದಲ್ಲಿರಲಿ. ನಟ್ಟನಡುವೆ ಕೂತರೆ ಕೋಣೆಯ ಮೊದಲ ಮೊಳಗು ಕಿವಿಗೆ ಬೀಳುವುದೇ ಇಲ್ಲ, ಹಿಂದಿನ ಗೋಡೆಗೆ ಒರಗಿದರೆ ಅದೇ ಉಬ್ಬಿ ಕೇಳುತ್ತದೆ. ಸ್ಪೀಕರ್ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಮುಂದಿನ ಗೋಡೆಯಿಂದ ಒಂದೂಕಾಲು ಅಡಿ, ಎರಡು ಸ್ಪೀಕರ್ ನಡುವೆ ಮೂರು ಮುಕ್ಕಾಲು ಅಡಿ. ಆಗ ತಲೆ ಮತ್ತು ಎರಡು ಸ್ಪೀಕರ್ ಸೇರಿ ಸಮಬಾಹು ತ್ರಿಕೋನವಾಗುತ್ತದೆ, ಎರಡೂ ಪಕ್ಕದ ಗೋಡೆ ಸಮದೂರ ಉಳಿಯುತ್ತದೆ. ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ, ಕೂತವರ ಕಿವಿಯ ಮಟ್ಟಕ್ಕೆ, ಸುಮಾರು ನಾಲ್ಕಡಿ ಎತ್ತರದಲ್ಲಿರಲಿ. ಮೇಜಿನ ಮೇಲೆ ನೇರವಾಗಿ ಇಟ್ಟರೆ ಮೇಜೂ ಹಾಡಲು ಶುರುಮಾಡುತ್ತದೆ. ಮರಳು ತುಂಬಿದ ಸ್ಟ್ಯಾಂಡ್ ಒಳ್ಳೆಯದು.

ಗೋಡೆಯಿಂದ ದೂರ ಇಟ್ಟಷ್ಟೂ ಒಳ್ಳೆಯದು ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಕೆಳಸ್ವರಗಳು ಸ್ಪೀಕರಿನ ಹಿಂದಕ್ಕೂ ಸುತ್ತಿ ಹೋಗುತ್ತವೆ. ಗೋಡೆಗೆ ಬಡಿದು ಅರ್ಧ ಅಲೆಯಷ್ಟು ತಡವಾಗಿ ಬರುವ ಸ್ವರ, ನೇರವಾಗಿ ಬಂದ ಸ್ವರವನ್ನು ಅಳಿಸುತ್ತದೆ. ಕೋನ್ ಗೋಡೆಯಿಂದ ಎರಡಡಿ ಇದ್ದರೆ ಹೀಗೆ ಅಳಿಸುವುದು ಸುಮಾರು 140 ಹರ್ಟ್ಸ್ ಅನ್ನು. ಹಾರ್ಮೋನಿಯಂನ ಕರಿ ಒಂದರ ಷಡ್ಜ 139 ಹರ್ಟ್ಸ್. ಎಷ್ಟೋ ಗಂಡಸರು ಹಾಡುವ ಶ್ರುತಿಯೇ ಅದು. ಅಂಥ ಕೋಣೆಯಲ್ಲಿ ಗಾಯಕರ ಷಡ್ಜ ಸೊರಗಿ ಕೇಳುತ್ತದೆ. ಮಿಕ್ಸ್ ಮಾಡುವವರು ಈಕ್ಯೂನಲ್ಲಿ (ಬೇಕಾದ ಸ್ವರವನ್ನಷ್ಟೇ ಏರಿಸುವ, ಇಳಿಸುವ ಸಾಧನ) ಅದನ್ನು ಎತ್ತುತ್ತಾರೆ. ಹಾಡು ಕಾರಿನಲ್ಲೋ ದೇವಸ್ಥಾನದ ಮೈಕಿನಲ್ಲೋ ಬಂದಾಗ ಷಡ್ಜ ಬಂದಲ್ಲೆಲ್ಲ ಗುಂಯ್ ಎನ್ನುತ್ತದೆ. ತಪ್ಪು ಗಾಯಕರದ್ದೂ ಅಲ್ಲ, ಮೈಕಿನದ್ದೂ ಅಲ್ಲ. ಒಂದೂಕಾಲು ಅಡಿಗೆ ತಂದರೆ ಆ ಕುಳಿ 225 ಹರ್ಟ್ಸ್‌ಗೆ ಏರುತ್ತದೆ. ಅಲ್ಲಿ ಸ್ಪೀಕರ್ ಹಿಂದೆ ಇಟ್ಟ, ಸದ್ದು ಹೀರುವ ನಾಲ್ಕಿಂಚಿನ ಪ್ಯಾನೆಲ್ ಅದನ್ನು ಪಳಗಿಸಬಲ್ಲದು. ಗೋಡೆಯ ಹತ್ತಿರ ಬಂದಾಗ ಬೇಸ್ ಹೆಚ್ಚಿದರೆ ಸ್ಪೀಕರ್ ಬೆನ್ನಿನ ಸ್ವಿಚ್‌ನಲ್ಲಿ ಎರಡೋ ನಾಲ್ಕೋ ಡೆಸಿಬಲ್ ಇಳಿಸಿ.

ಪ್ಯಾನೆಲ್ ಮಾಡಿಸಲು ಬಡಗಿಯೊಬ್ಬರು ಸಾಕು. ನಾಲ್ಕಡಿ–ಎರಡಡಿಯ ರೀಪರ್ ಚೌಕಟ್ಟು, ಒಳಗೆ ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಳೆ) ಎರಡು ಪದರ, ಮೇಲೆ ಖಾದಿ ಅಥವಾ ಗೋಣಿತಾಟು. ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಸರಾಗವಾಗಿ ದಾಟಿದರೆ ಸದ್ದೂ ದಾಟುತ್ತದೆ. ರೆಕ್ಸಿನ್ ಹೊದಿಸಿದರೆ ಮೇಲಿನ ಸ್ವರಗಳು ತಿರುಗಿ ಬರುತ್ತವೆ. ಕತ್ತರಿಸುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ರಾಕ್‌ವೂಲ್‌ಗೆ ಬೆಂಕಿ ಹತ್ತುವುದಿಲ್ಲ. ಅಗ್ಗದ ಪಾಲಿಯುರೆಥೇನ್ ಫೋಮ್ ಹತ್ತಿಕೊಂಡರೆ ವಿಷದ ಹೊಗೆ. ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವವರು ಇದನ್ನು ಮರೆಯಬಾರದು.

ಇಂಥವು ಒಂಬತ್ತು ಬೇಕು, ಅಂದರೆ ಹದಿನೆಂಟು ಹಾಳೆ ರಾಕ್‌ವೂಲ್. ನಾಲ್ಕು ಮುಂದಿನ ಎರಡು ಮೂಲೆಗಳಿಗೆ, ಒಂದರ ಮೇಲೊಂದು ನಿಲ್ಲಿಸಿ ಮೂಲೆಗೆ ಅಡ್ಡಲಾಗಿ. ಬೇಸ್ ಅತಿ ಹೆಚ್ಚು ಸೇರುವುದು ಅಲ್ಲೇ. ಎರಡು ಸ್ಪೀಕರ್ ಹಿಂದೆ. ಪಕ್ಕದ ಗೋಡೆಗಳಿಗೆ ಒಂದೊಂದು, ತಾರಸಿಗೆ ಒಂದು. ಪಕ್ಕದವುಗಳ ಜಾಗ ಹುಡುಕಲು ಕನ್ನಡಿ ಸಾಕು: ನೀವು ಕುರ್ಚಿಯಲ್ಲಿ ಕೂತಿರಿ, ಇನ್ನೊಬ್ಬರು ಕನ್ನಡಿಯನ್ನು ಗೋಡೆಗುಂಟ ಸರಿಸಲಿ. ಆ ಗೋಡೆಯ ಕಡೆಯ ಸ್ಪೀಕರ್ ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಪ್ಯಾನೆಲ್ ಹಿಂದೆ ನಾಲ್ಕಿಂಚು ಖಾಲಿ ಬಿಟ್ಟರೆ ಅದು ಇನ್ನೂ ಕೆಳಗಿನ ಸ್ವರಕ್ಕೆ ಕೆಲಸ ಮಾಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಗೋಡೆ ಬೆವರಿದಾಗ ಬೂಷ್ಟು ಹಿಡಿಯದಿರಲೂ ಈ ಸಂದು ಬೇಕೇ ಬೇಕು.

ಪಕ್ಕದ ಮನೆಗೆ ಸದ್ದು ಹೋಗದಂತೆ ತಡೆಯುವುದು ಬೇರೆಯೇ ಕೆಲಸ. ಅದಕ್ಕೆ ಭಾರವಾದ ಗೋಡೆ, ಗಾಳಿಯಾಡದಂತೆ ಮುಚ್ಚಿದ ಬಾಗಿಲ ಸಂದು ಬೇಕು. ಫೋಮಾಗಲಿ, ಮೊಟ್ಟೆ ಟ್ರೇಯಾಗಲಿ, ಈ ಪ್ಯಾನೆಲ್‌ಗಳೇ ಆಗಲಿ ಅದನ್ನು ಮಾಡುವುದಿಲ್ಲ.

ಎಲ್ಲ ಆದ ಮೇಲೆ ಒಂದೇ ಕಂಠವನ್ನು ಮೋನೊದಲ್ಲಿ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವಂತೆ, ಹಾಕಿ ಕೇಳಿ. ಅದು ಎರಡು ಸ್ಪೀಕರ್‌ಗಳ ನಡುವೆ ಒಂದೇ ಬಿಂದುವಿನಿಂದ ಬರಬೇಕು. ಒಂದು ಕಡೆ ವಾಲಿದರೆ ಸ್ಪೀಕರನ್ನು ಒಂದೊಂದೇ ಸೆಂಟಿಮೀಟರ್ ಸರಿಸಿ, ಪಕ್ಕದಲ್ಲಿ ಬೀರು ಇದ್ದರೆ ಹಿಂದಕ್ಕೆ ಸಾಗಿಸಿ. ಅಳತೆ ಮೈಕ್ ಎರವಲು ಸಿಕ್ಕರೆ ರೂಮ್ ಈಕ್ಯೂ ವಿಜರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಕೋಣೆಯ ರೇಖೆ, ಅಂದರೆ ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂಬ ನಕ್ಷೆ, ನೋಡಬಹುದು. ರೇಖೆಯ ಉಬ್ಬನ್ನು ಈಕ್ಯೂನಲ್ಲಿ ಇಳಿಸಬಹುದು. ಆಳವಾದ ಕುಳಿಯನ್ನು ತುಂಬಲು ಹೋಗಬೇಡಿ. ಹತ್ತು ಡೆಸಿಬಲ್ ಏರಿಸಿದರೆ ಆಂಪ್ಲಿಫಯರ್ ಹತ್ತುಪಟ್ಟು ದುಡಿಯಬೇಕು, ಗೋಡೆಯಿಂದ ಬರುವ ಸದ್ದೂ ಅಷ್ಟೇ ಏರಿ ಮತ್ತೆ ಅಳಿಸುತ್ತದೆ. ಅಲ್ಲಿ ಕುರ್ಚಿಯನ್ನೋ ಸ್ಪೀಕರನ್ನೋ ನಾಲ್ಕು ಬೆರಳು ಸರಿಸಿ ಮತ್ತೆ ಅಳೆಯಿರಿ. ಬಾಡಿಗೆ ಮನೆಯಾದರೆ ಮೊಳೆ ಬೇಡ: ತಾರಸಿಯದೊಂದನ್ನು ಬಿಟ್ಟು ಉಳಿದ ಎಂಟು ಪ್ಯಾನೆಲ್‌ಗಳಿಗೆ ಕೆಳಗೆ ಕಾಲು ಕೊಡಿಸಿದರೆ ನೆಲದ ಮೇಲೇ ನಿಲ್ಲುತ್ತವೆ, ಮನೆ ಬದಲಿಸುವಾಗ ಜತೆಗೇ ಬರುತ್ತವೆ.

ಇತಿ,
ಧ್ವನಿಮುದ್ರಣ ಕೆಲಸದಲ್ಲಿರುವ ಓದುಗರು, ಬೆಂಗಳೂರು