ಲಾಂಚ್ ಇನ್ನೂ ಓಡುವ ಊರಿಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ನಾರ್ವೆ ಪ್ರವಾಸದ ಪಟ್ಟಿಯನ್ನು ಎರಡು ಸಲ ಓದಿದೆ. ಎಂಟು ದಿನಕ್ಕೆ ಆರು ಊರು! ಓಸ್ಲೋ, ಫ್ಲೋಮ್, ಬರ್ಗನ್, ಗೈರಾಂಗರ್, ಲೋಫೋಟೆನ್, ಟ್ರೊಮ್ಸೊ. ಮದುವೆ ಕಾಗದ ಕೊಡಲು ಹೊರಟ ಹಾಗಿದೆಯಲ್ಲೇ ಇದು. ನಕ್ಷೆ ತೆಗೆದು ನೋಡಿದೆ. ಓಸ್ಲೋದಿಂದ ಟ್ರೊಮ್ಸೊಗೆ ವಿಮಾನದ ದಾರಿಯೇ ಸಾವಿರ ಕಿಲೋಮೀಟರಿಗಿಂತ ಜಾಸ್ತಿ. ದೇಶ ಪಡವಲಕಾಯಿಯ ಹಾಗೆ ಉದ್ದಕ್ಕೆ ಜೋತುಬಿದ್ದಿದೆ. ಅಮ್ಮನ ಮಂಡಿ ಬೇರೆ ಹೀಗಿದೆ. ಅದಕ್ಕೇ ಗೈರಾಂಗರ್, ಲೋಫೋಟೆನ್, ಟ್ರೊಮ್ಸೊ ಮೂರನ್ನೂ ಹೊಡೆದುಹಾಕಿದ್ದೇನೆ. ಸಿಟ್ಟಾಗಬೇಡ, ಪೂರ್ತಿ ಓದು.

ಟ್ರೊಮ್ಸೊ ಸೇರಿಸಿದ್ದು ಅಮ್ಮನಿಗಾಗಿ ಅಂತ ಗೊತ್ತು. ಆಕಾಶದಲ್ಲಿ ಹಸಿರು ಬೆಳಕು ಕುಣಿಯುವ ವಿಡಿಯೋ ನೋಡಿದಾಗಿನಿಂದ ಅವಳಿಗೆ ಅದೇ ಧ್ಯಾನ. ಆದರೆ ನಾವು ಹೋಗುವುದು ಜೂನ್‌ನಲ್ಲಿ. ಮೇ 20ರ ಸುಮಾರಿಗೆ ಅಲ್ಲಿ ಮೇಲೆದ್ದ ಸೂರ್ಯ ಜುಲೈ 20 ಕಳೆಯುವವರೆಗೆ ಮುಳುಗುವುದೇ ಇಲ್ಲ. ಕತ್ತಲೆಯೇ ಇಲ್ಲದ ಮೇಲೆ ಆ ಬೆಳಕು ಕಾಣುವುದೆಲ್ಲಿ? ಅದನ್ನು ನೋಡಬೇಕಾದರೆ ಸೆಪ್ಟೆಂಬರಿನಿಂದ ಮಾರ್ಚ್ ಒಳಗೆ ಹೋಗಬೇಕು. ಅಮ್ಮನಿಗೆ ಇದನ್ನು ಹೇಳಿದೆ. ಬರ್ಗನ್‌ನಲ್ಲೂ ಜೂನ್‌ನಲ್ಲಿ ಹೊತ್ತು ಮುಳುಗುವುದು ರಾತ್ರಿ ಹನ್ನೊಂದು ದಾಟಿದ ಮೇಲೆ ಅಂತಲೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ದೇವರ ದೀಪ ಹಚ್ಚೋದು ಎಷ್ಟು ಗಂಟೆಗೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಬೇಡುವುದು ಒಂದೇ. ನಿನ್ನ ಪಟ್ಟಿಯಲ್ಲಿರುವ ಎರಡು ಗಂಟೆಯ ಕ್ರೂಸ್ ಇರಲಿ. ಅದರ ಜೊತೆಗೆ ಒಂದು ಮಾಮೂಲಿ ಫೆರಿಯನ್ನೂ ಸೇರಿಸು. ಬರ್ಗನ್‌ನಿಂದ ಉತ್ತರಕ್ಕೆ ಹೋಗುವ ಇ39 ಹೆದ್ದಾರಿ ಒಪ್ಪೆಡಾಲ್ ಎಂಬಲ್ಲಿ ಸೋನ್ಯೆ ಫಿಯೋರ್ಡಿನ, ಅಂದರೆ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಡಲ ತೋಳಿನ, ದಡಕ್ಕೆ ಬಂದು ನಿಂತುಬಿಡುತ್ತದೆ. ಬಸ್ಸು, ಲಾರಿ, ಕಾರು ಎಲ್ಲ ಫೆರಿ ಹತ್ತಿ, ಸುಮಾರು 20 ನಿಮಿಷದಲ್ಲಿ ಆಚೆ ದಡದ ಲಾವಿಕ್‌ನಲ್ಲಿ ಇಳಿಯುತ್ತವೆ. ಅಲ್ಲಿಂದ ರಸ್ತೆ ಮುಂದುವರಿಯುತ್ತದೆ. ಓದುವಾಗ ಎದೆ ಝಲ್ ಎಂದಿತು. ಇದು ಶರಾವತಿ ಹಿನ್ನೀರು ದಾಟಲು ಲಾಂಚ್ ಹತ್ತುತ್ತಿದ್ದ ನಮ್ಮ ಹೊಳೆಬಾಗಿಲೇ ಅಲ್ವಾ?

ಲಾಂಚ್ ನಿನಗೆ ರಜೆಯ ಮಜಾ ಆಗಿತ್ತು. ನಮಗೆ ಅದೇ ರಸ್ತೆ, ಅದೇ ಆಸ್ಪತ್ರೆ ದಾರಿ, ಅದೇ ದಿಬ್ಬಣದ ದಾರಿ. ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ದಡದಲ್ಲೇ. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಬಸ್ಸು ಹತ್ತಿಸುವ ಹಾಗಿಲ್ಲ. 2025ರಲ್ಲಿ ಸೇತುವೆ ಆಯ್ತು. ಒಳ್ಳೆಯದೇ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಮೊದಲ ಸಲ ಬಸ್ಸು ನಿಲ್ಲದೆ ದಾಟಿದಾಗ, ಏನೋ ಇಳಿಸಿಬರುವುದು ಮರೆತ ಹಾಗಾಯ್ತು.

ನಾರ್ವೆಯವರ ಹತ್ತಿರ ದುಡ್ಡಿಲ್ಲವೇ, ಸೇತುವೆ ಯಾಕೆ ಕಟ್ಟಲಿಲ್ಲ ಅಂತ ನನಗೂ ಅನಿಸಿತು. ಅವರು 24.5 ಕಿಲೋಮೀಟರ್ ಉದ್ದದ ಲೇರ್ಡಾಲ್ ರಸ್ತೆ ಸುರಂಗವನ್ನೇ 2000ದಲ್ಲಿ ತೆರೆದವರು. ತೊಡಕು ಇರುವುದು ಆಳದಲ್ಲಿ. ಸೋನ್ಯೆ ಫಿಯೋರ್ಡ್ 200 ಕಿಲೋಮೀಟರಿಗೂ ಉದ್ದ, ಅತಿ ಆಳದ ಕಡೆ 1,300 ಮೀಟರ್. ಫೆರಿ ದಾಟುವಲ್ಲೂ ಸಾವಿರ ಮೀಟರಿಗಿಂತ ಆಳವಂತೆ. ಕಂಬ ಊರುವುದೆಲ್ಲಿ? ನೀರಿನೊಳಗೆ ತೇಲುವ ಸುರಂಗದ ನಕ್ಷೆಯನ್ನೂ ಇಂಜಿನಿಯರುಗಳು ಬರೆದು ನೋಡಿದ್ದಾರೆ. ಸದ್ಯಕ್ಕೆ ಫೆರಿಯೇ ಗತಿ. ಕಾರು ಸಾಗಿಸುವ, ಬ್ಯಾಟರಿಯಲ್ಲೇ ಓಡುವ ಜಗತ್ತಿನ ಮೊದಲ ಫೆರಿ 2015ರಲ್ಲಿ ಓಡಿದ್ದು ಇದೇ ದಾರಿಯಲ್ಲಿ. ನಮ್ಮ ಲಾಂಚಿನ ಡೀಸೆಲ್ ವಾಸನೆ ಅಲ್ಲಿ ಸಿಗುವುದಿಲ್ಲ, ಬಿಡು.

ಅಷ್ಟು ಆಳ ಕೊರೆದದ್ದು ಮಂಜುಗಡ್ಡೆ. ಹಿಮನದಿ ಬೆಟ್ಟದಿಂದ ಜಾರುತ್ತಾ ಕಣಿವೆಯನ್ನು ಸಮುದ್ರ ಮಟ್ಟಕ್ಕಿಂತ ಕೆಳಗೆ ಕೆರೆಯಿತು. ಕಡಲ ಹತ್ತಿರ ಬರುವಾಗ ಅದರ ಕಸುವು ತಗ್ಗಿತು. ಹಾಗಾಗಿ ಒಳಗೆ ಭಾರೀ ಆಳ, ಬಾಯಿಯ ಹತ್ತಿರ ಕಡಿಮೆ. ಹಿಮ ಕರಗಿದ ಮೇಲೆ ಸಮುದ್ರ ಒಳಗೆ ಬಂತು. ನಮ್ಮ ಹಿನ್ನೀರು ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಿನ್ನ ಅಜ್ಜನ ಅಡಿಕೆ ತೋಟ ಇನ್ನೂ ಆ ನೀರಿನ ಅಡಿಯಲ್ಲೇ ಇದೆ. ಲಾಂಚ್ ಹತ್ತಿದಾಗಲೆಲ್ಲ ಅವರು ಒಂದೇ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಕೆಳಗೆ ಯಾರ ತೋಟವೂ ಇಲ್ಲದ ನೀರನ್ನು ಒಂದು ಸಲ ದಾಟಬೇಕು ಅಂತ ನನಗೆ ಆಸೆ.

ಇನ್ನು ರೈಲು. ಓಸ್ಲೋ–ಬರ್ಗನ್ ರೈಲನ್ನು ಬಿಡಬೇಡ. 1909ರಲ್ಲಿ ಶುರುವಾದ ಮಾರ್ಗ, ನೇರ ಹೋದರೆ ಸುಮಾರು ಏಳು ಗಂಟೆ. ನಡುವೆ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣ. ಮ್ಯೂರ್ಡಾಲ್‌ನಲ್ಲಿ ಇಳಿದು ಫ್ಲೋಮ್‌ಗೆ ಇನ್ನೊಂದು ರೈಲು ಹತ್ತಬೇಕು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಅಲ್ಲಿ 18ಕ್ಕೇ ಒಂದು! ಫ್ಲೋಮ್‌ನಲ್ಲಿ ಎರಡು ರಾತ್ರಿ, ಬರ್ಗನ್‌ನಲ್ಲಿ ನಾಲ್ಕು. ಬರ್ಗನ್‌ನಲ್ಲಿ ಭಾರೀ ಮಳೆ ಅಂತ ಹೆದರಿಸಿದ್ದೀಯಲ್ಲ, ವರ್ಷಕ್ಕೆ ಎರಡು ಸಾವಿರ ಚಿಲ್ಲರೆ ಮಿಲಿಮೀಟರ್ ಅಷ್ಟೇ. ಆಗುಂಬೆಯ ಅರ್ಧವೂ ಇಲ್ಲ. ಚಳಿಯ ಮಳೆ ಅನ್ನುವುದು ಬೇರೆ ಮಾತು. ಕಂಬಳಿ ಕೊಪ್ಪೆ ಹಾಕಿಕೊಂಡು ಬಂದರೆ ನಿನಗೆ ನಾಚಿಕೆ ಆಗುತ್ತದೆ, ಒಳ್ಳೆಯ ರೇನ್‌ಕೋಟ್ ಕೊಡಿಸು.

ವೀಸಾ ಬಗ್ಗೆ ಇಲ್ಲಿನ ಏಜೆಂಟ್ ಒಬ್ಬರು, ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಬೇರೆಯೇ ವೀಸಾ ಬೇಕು ಅಂದರು. ಅರ್ಧ ಸರಿ. ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ಒಳಗಿದೆ. ಅದೇ ವೀಸಾ ಸಾಕು. ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. 30,000 ಯೂರೋ ವಿಮೆ ಕಡ್ಡಾಯ. ಅಮ್ಮನ ಪಾಸ್‌ಪೋರ್ಟ್ ಅವಧಿ ನೋಡಿದೆ, ತೊಂದರೆ ಇಲ್ಲ.

ಅವಲಕ್ಕಿ, ಚಟ್ನಿಪುಡಿ, ಮೆಂತೆಹಿಟ್ಟು ಈಗಲೇ ಪಟ್ಟಿಯಲ್ಲಿವೆ. ಹೊರಗಿನಿಂದ ಹಾಲಿನ ಪದಾರ್ಥ ಒಯ್ಯಲು ಅಲ್ಲಿ ಬಿಡುವುದಿಲ್ಲ, ತುಪ್ಪ ಕೂಡ. ಇವಳು ಆಗಲೇ ಒಂದು ಬಾಟಲಿ ತೊಳೆದು ಒಣಗಿಸಿ ಇಟ್ಟಿದ್ದಾಳೆ. ನಾನು ಇನ್ನೂ ಹೇಳಿಲ್ಲ. ಭಾನುವಾರ ಫೋನ್ ಮಾಡಿದಾಗ ನೀನೇ ಹೇಳಿಬಿಡು.

ನಿನ್ನ
ಅಪ್ಪ