ಫ್ಲಶ್‌ಗೆ ಸಿಹಿನೀರು ಯಾಕೆ?

ಮಾನ್ಯರೇ,

ಬೇಸಿಗೆ ಬಂತೆಂದರೆ ಮಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ ಟ್ಯಾಂಕರ್ ಲೆಕ್ಕ ಶುರು. ಬಾಲ್ಕನಿಯಲ್ಲಿ ನಿಂತರೆ ಎದುರಿಗೇ ಸಮುದ್ರ. ಒಳಗೆ ತುಂಬೆ ಅಣೆಕಟ್ಟೆಯಿಂದ ಶುದ್ಧವಾಗಿ ಬಂದ ನೇತ್ರಾವತಿ ನೀರು ಕಮೋಡ್ ಪಾಲು. ಒಂದು ಸಲ ಗುಂಡಿ ಒತ್ತಿದರೆ ಆರೇಳು ಲೀಟರ್ ಖಾಲಿ!

ಹಾಂಗ್‌ಕಾಂಗ್‌ನಲ್ಲಿ 1950ರ ದಶಕದ ಕೊನೆಯಿಂದಲೇ ಫ್ಲಶ್‌ಗೆ ಸಮುದ್ರದ ನೀರು ಬಳಸುತ್ತಿದ್ದಾರೆ. ಈಗ ಸುಮಾರು ಶೇ 85ರಷ್ಟು ಜನರ ಮನೆಗೆ ಅದೇ ನೀರು. ಉಪ್ಪು ತೆಗೆಯುವ ಗೊಡವೆಯೇ ಇಲ್ಲ. ಕಸ ಸೋಸಿ, ಕ್ರಿಮಿ ಕೊಂದು, ಬೇರೆ ಪೈಪಿನಲ್ಲಿ ಬಿಡುತ್ತಾರೆ. ಇನ್ನೊಂದು ಲಾಭವೂ ಇದೆ. ಆ ನೀರಿನಲ್ಲಿರುವ ಸಲ್ಫೇಟ್ ಎಂಬ ಲವಣಾಂಶ ಬಳಸುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ. ಅವುಗಳಿಂದ ಕೊಳಚೆ ಶುದ್ಧ ಮಾಡಿದರೆ ಕೆಸರು ಕಡಿಮೆ ಉಳಿಯುತ್ತದೆ. ಅಲ್ಲಿನ ವಿಜ್ಞಾನಿಗಳು ಇದನ್ನೇ ಒಂದು ವಿಧಾನವಾಗಿ ರೂಪಿಸಿದ್ದಾರೆ.

ನಮ್ಮ ತಣ್ಣೀರುಬಾವಿಯಲ್ಲೂ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆಗಾಗಿ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕವಿದೆ. ಒಳ್ಳೆಯದೇ, ಆದರೆ ಅದಕ್ಕೆ ಕರೆಂಟ್ ಜಾಸ್ತಿ ಬೇಕು. ಫ್ಲಶ್‌ಗೆ ಅಷ್ಟೆಲ್ಲ ಬೇಕಿಲ್ಲ.

ಹಳೇ ಕಟ್ಟಡಗಳಿಗೆ ಎರಡನೇ ಪೈಪ್ ಹಾಕುವುದು ಕಷ್ಟ, ಒಪ್ಪುತ್ತೇನೆ. ಉಪ್ಪುಗಾಳಿಗೇ ನಮ್ಮ ಗೇಟು ತುಕ್ಕು ಹಿಡಿದು ಉದುರುತ್ತಿದೆ, ಹಾಗಾಗಿ ಪ್ಲಾಸ್ಟಿಕ್ ಪೈಪೇ ಆಗಬೇಕು. ಹೊಸದಾಗಿ ಏಳುತ್ತಿರುವ ಬಹುಮಹಡಿಗಳಿಗಾದರೂ ಪಾಲಿಕೆ ಇದನ್ನು ಈಗಲೇ ಕಡ್ಡಾಯ ಮಾಡಬಹುದು, ಅಲ್ವಾ?

– ಓದುಗ, ಮಂಗಳೂರು